24 ಇಂಚಿನ ರೋಡ್ ಸೈಕಲ್: ಮೊದಲು ಮಗುವಿನ ಕೈ ಅಳೆಯಿರಿ

ನಮಸ್ಕಾರ, ಉಡುಪಿಯಿಂದ. ಸ್ಟ್ಯಾಂಡಿನ ಮೇಲಿರುವುದು 24 ಇಂಚು ಚಕ್ರದ ಮಕ್ಕಳ ಎಂಟಿಬಿ (ಮೌಂಟನ್ ಬೈಕ್) ಫ್ರೇಮ್. ಮುಂದಿನ ಚಕ್ರ ಹಿಡಿಯುವ, ಶಾಕ್ ಇಲ್ಲದ ಗಟ್ಟಿ ಫೋರ್ಕ್, ವಿ-ಬ್ರೇಕ್ (ಎರಡು ಉದ್ದ ಕೈಗಳಿಂದ ರಿಮ್ ಒತ್ತುವ ಬ್ರೇಕ್) ಕೂರಿಸ್ಲಿಕ್ಕೆ ಗೂಟ, ಎರಡೂ ಉಂಟು. 132 ಸೆಂ.ಮೀ. ಎತ್ತರದ, ಸೈಕಲ್ ಬಿಟ್ಟು ಇಳಿಯದ ಹುಡುಗಿಗೆ ಇದನ್ನೇ ರೋಡ್ ಸೈಕಲ್ ಮಾಡುವ.

ರೋಡ್ ಸೈಕಲ್ಲಿನ ಕೆಳಗೆ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಈ ಫ್ರೇಮಿನ ಉದ್ದ ನೇರ ಹ್ಯಾಂಡಲ್‌ಗೆ ಲೆಕ್ಕ ಹಾಕಿದ್ದು. ಡ್ರಾಪ್ ಹ್ಯಾಂಡಲ್ ಕೈಯನ್ನು ಇನ್ನೂ 7 ಸೆಂ.ಮೀ.ಗಿಂತ ಹೆಚ್ಚು ಮುಂದೆ ಎಳೀತದೆ, ಬೆನ್ನು ಚಾಚಿ ಹೋಗ್ತದೆ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮಿನ ಉದ್ದ 40 ಮಿ.ಮೀ.ಗೆ ಇಳಿಸಿ. ಹ್ಯಾಂಡಲ್ 36 ಸೆಂ.ಮೀ. ಅಗಲ, ರೀಚ್ (ಹ್ಯಾಂಡಲ್ ಮುಂದೆ ಚಾಚುವ ದೂರ) 70 ಮಿ.ಮೀ. ಮೀರಬಾರದು. ಹಿಡಿಯುವ ಜಾಗದ ದಪ್ಪವೂ ನೋಡಿ: 25.4 ಮಿ.ಮೀ. ಸ್ಟೆಮ್ಮಿಗೆ 26 ಮಿ.ಮೀ. ಹ್ಯಾಂಡಲ್ ತುರುಕಬೇಡಿ.

ಈಗ ಬ್ರೇಕ್. ಹೆಚ್ಚಿನವರು ತಪ್ಪುವುದು ಇಲ್ಲೇ. ಮಾಮೂಲಿ ವಿ-ಬ್ರೇಕಿಗೆ ರೋಡ್ ಲಿವರ್ (ಡ್ರಾಪ್ ಹ್ಯಾಂಡಲಿನ ಬ್ರೇಕ್ ಹಿಡಿ) ಕೊಡುವುದರ ಸುಮಾರು ಎರಡು ಪಟ್ಟು ಕೇಬಲ್ ಎಳೆತ ಬೇಕು. ರೋಡ್ ಲಿವರ್ ಕಟ್ಟಿದರೆ, ನೋಡಿ, ಲಿವರ್ ಹ್ಯಾಂಡಲ್‌ಗೆ ತಾಗಿತು, ಬ್ರೇಕಿನ ರಬ್ಬರ್ ಬ್ಲಾಕ್ ಇನ್ನೂ ರಿಮ್ ಒತ್ತಲಿಲ್ಲ. ಅದಕ್ಕೇ ಕಡಿಮೆ ಎಳೆತ ಸಾಕಾಗುವ, 80-90 ಮಿ.ಮೀ. ಗಿಡ್ಡ ಕೈಗಳ ಮಿನಿ-ವಿ ಬ್ರೇಕ್ ಹಾಕುವುದು. ಲಿವರ್ ಟೆಕ್‌ಟ್ರೋ ಆರ್‌ಎಲ್ 341, ಚಿಕ್ಕ ಕೈಗೆ ಮಾಡಿದ್ದು. ಮಗು ಕೆಳಗಿನ ಬಾಗಿನಲ್ಲಿ ಹಿಡಿದಾಗ ಎರಡು ಬೆರಳು ಲಿವರಿನ ತುದಿಗೆ ಆರಾಮಾಗಿ ಸುತ್ತಬೇಕು. ಗಟ್ಟಿಯಾಗಿ ಎಳೆದಾಗಲೂ ಲಿವರ್ ಮತ್ತು ಹ್ಯಾಂಡಲ್ ನಡುವೆ ಒಂದು ಬೆರಳು ಜಾಗ ಉಳಿಯಬೇಕು. ಮಿನಿ-ವಿಯ ಒಂದು ತೊಂದರೆ: ಟೈರಿನ ಮೇಲೆ ಜಾಗ ಕಡಿಮೆ. ಮಳೆಗಾಲಕ್ಕೆ ಪೂರ್ತಿ ಮಡ್‌ಗಾರ್ಡ್ ಹಿಡಿಯುವುದು ಕಷ್ಟ, ಸೀಟ್ ಪೋಸ್ಟಿಗೆ ಸಿಕ್ಕಿಸುವಂಥದ್ದು ಸಾಕು.

ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ಮಗುವಿನ ಎತ್ತರದ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು ಉದ್ದ, ಇಲ್ಲಿ 135-140 ಮಿ.ಮೀ. ದೊಡ್ಡವರ 170 ಹಾಕಿದರೆ ಪೆಡಲ್ ಮೇಲೆ ಬರುವಾಗ ಮೊಣಕಾಲು ತೀರಾ ಮಡಚಿ ಸೊಂಟ ಅಲುಗಾಡ್ತದೆ. ಮುಂದೆ 34 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ), ಹಿಂದೆ 11ರಿಂದ 32 ಹಲ್ಲಿನ 8 ಸ್ಪೀಡ್ ಕ್ಯಾಸೆಟ್ (ಎಂಟು ಹಲ್ಲುಚಕ್ರದ ಗೊಂಚಲು). ಅತಿ ಹಗುರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 1.9 ಮೀಟರ್, ಮಣಿಪಾಲದ ಏರು ಕೂತೇ ಹತ್ತಬಹುದು. ಎಂಟಿಬಿ ಶಿಫ್ಟರಿನ (ಗೇರ್ ಬದಲಿಸುವ ಹಿಡಿಯ) ಕ್ಲ್ಯಾಂಪ್ 22.2 ಮಿ.ಮೀ., ಡ್ರಾಪ್ ಹ್ಯಾಂಡಲ್ 23.8 ಮಿ.ಮೀ., ಕೂರುವುದಿಲ್ಲ. ಹ್ಯಾಂಡಲ್ ತುದಿಗೆ ಸಿಕ್ಕಿಸುವ 8 ಸ್ಪೀಡ್ ಶಿಫ್ಟರ್ ತನ್ನಿ. ಶಿಮಾನೋ ಕಂಪನಿಯದರಲ್ಲಿ ಹಳೆ 8 ಸ್ಪೀಡ್ ಎಂಟಿಬಿ ಡಿರೇಲರ್ (ಹಿಂದೆ ಚೈನ್ ಸರಿಸುವ ಭಾಗ) ಇದ್ದರೆ ಅದೇ ಹೊಂದ್ತದೆ.

ಟೈರ್ ಕೊಳ್ಳುವಾಗ "24" ನೋಡಿ ಮೋಸ ಹೋಗಬೇಡಿ. ಪಕ್ಕದಲ್ಲಿ ಸಣ್ಣದಾಗಿ ಬರೆದ 507, 520, 540 ಅಂದರೆ ಟೈರ್ ಕೂರುವ ರಿಮ್ಮಿನ ವ್ಯಾಸ ಮಿ.ಮೀ.ನಲ್ಲಿ, ಮೂರೂ ಬೇರೆ ಬೇರೆ ರಿಮ್ಮಿನವು. ಇದಕ್ಕೆ 507, 1.5 ಇಂಚು ಅಗಲದ ನುಣುಪು ಟೈರ್.

ಮಲ್ಪೆ, ಪಡುಬಿದ್ರಿ ಕಡೆ ಉಪ್ಪುಗಾಳಿ. ಬ್ರೇಕ್ ಕೇಬಲ್ ಸ್ಟೇನ್‌ಲೆಸ್‌ದೇ ಇರಲಿ. ಸೀಟ್ ಪೋಸ್ಟಿಗೆ ಗ್ರೀಸ್ ಹಚ್ಚದೆ ಒಂದು ಮಳೆಗಾಲ ಬಿಟ್ಟರೆ ಫ್ರೇಮಿನೊಳಗೆ ಕಚ್ಚಿಕೊಳ್ತದೆ, ಮಗು ಎತ್ತರ ಆದಾಗ ಏಳುವುದಿಲ್ಲ. ಕೆಂಪು ಮಣ್ಣಿನ ನೀರು ಸಿಡಿದ ದಿನ ರಿಮ್ ಒರೆಸಿ, ಬ್ಲಾಕಿನಲ್ಲಿ ಸಿಕ್ಕಿದ ಹರಳು ಚೂಪು ಕಡ್ಡಿಯಿಂದ ತೆಗೆಯಿರಿ.

ಹೊಸ ಕೇಬಲ್ ಹೌಸಿಂಗ್ (ಕೇಬಲ್ ಮೇಲಿನ ಕೊಳವೆ) ಮೊದಲ ಎರಡು-ಮೂರು ಸವಾರಿಯಲ್ಲಿ ಒತ್ತಿ ಕೂರುತ್ತದೆ, ಲಿವರ್ ಸಡಿಲ ಆಗ್ತದೆ. ಮತ್ತೆ ಬಿಗಿ ಮಾಡಿ, ಸಮತಟ್ಟು ರಸ್ತೆಯಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದ ಮೇಲಷ್ಟೇ ಮಣಿಪಾಲದಿಂದ ಕಡಿಯಾಳಿಗೆ ಇಳಿಯಲು ಬಿಡಿ.