ಕರಿ ಕಣಗಳ ಜಾಡು ಹಿಡಿದ ರೊನಾಲ್ಡ್ ರಾಸ್

ಕೇಳುಗರಿಗೆ ನಮಸ್ಕಾರ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಸಾಕ್ಷಿ ಹುಡುಕಿಕೊಟ್ಟ ಸೇನಾ ವೈದ್ಯ ರೊನಾಲ್ಡ್ ರಾಸ್ ಮಾತ್ರ ಮೊದಮೊದಲು ತಪ್ಪು ಜಾತಿಯ ಸೊಳ್ಳೆಗಳನ್ನೇ ಕೊಯ್ದು ನೋಡುತ್ತಿದ್ದರು. ಆ ತೊಡಕು ಬಿಡಿಸಿಕೊಂಡದ್ದು ಹೇಗೆ ಎಂಬುದೇ ಅವರ ಜೀವನದ ಮುಖ್ಯ ಭಾಗ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಅಲ್ಮೋರಾದಲ್ಲಿ. ಲಂಡನ್ನಿನಲ್ಲಿ ವೈದ್ಯಕೀಯ ಓದಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. 1883ರಲ್ಲಿ ಬೆಂಗಳೂರಿನ ದಂಡಿಗೆ ಬಂದಾಗ ಬಂಗಲೆಯ ತುಂಬ ಸೊಳ್ಳೆ. ಕಿಟಕಿಯ ಹೊರಗೆ ನೀರು ತುಂಬಿದ್ದ ತೊಟ್ಟಿಯಲ್ಲಿ ಮರಿಹುಳುಗಳು ಓಡಾಡುತ್ತಿದ್ದುದನ್ನು ಕಂಡು ನೀರು ಚೆಲ್ಲಿಸಿದರು, ಸೊಳ್ಳೆ ತಗ್ಗಿತು. ಸೊಳ್ಳೆಗೂ ಚಳಿಜ್ವರಕ್ಕೂ ನಂಟಿದೆ ಎಂಬ ಯೋಚನೆ ಆಗ ಅವರಿಗಿರಲಿಲ್ಲ.

1880ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡಿದ್ದರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದ ರಾಸ್‌ಗೆ ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದವರು ಅಲ್ಲಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್. ರಕ್ತ ಹೀರಿದ ಸೊಳ್ಳೆ ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂಬುದು ಮ್ಯಾನ್ಸನ್ ಊಹೆ. ಮೊದಲರ್ಧ ಸರಿಯಾದ ದಾರಿ ತೋರಿಸಿತು, ಉಳಿದರ್ಧ ದಾರಿ ತಪ್ಪಿಸಿತು.

1895ರಲ್ಲಿ ಸಿಕಂದರಾಬಾದಿನಲ್ಲಿ ಕೆಲಸ ಶುರುವಾಯಿತು. ವಿಧಾನ ಹೀಗೆ: ಹಾರಾಡುವ ಸೊಳ್ಳೆಯನ್ನು ಹಿಡಿದು ತಂದರೆ ಅದು ಮೊದಲೇ ಯಾರ ರಕ್ತ ಕುಡಿದಿದೆಯೋ ತಿಳಿಯದು. ಆದ್ದರಿಂದ ಮರಿಹುಳುಗಳನ್ನು ಸೀಸೆಯಲ್ಲಿ ಸಾಕಿ, ಹೊರಬಂದ ಹೊಸ ಸೊಳ್ಳೆಗಳನ್ನು ರೋಗಿ ಮಲಗಿದ ಸೊಳ್ಳೆಪರದೆಯೊಳಗೆ ಬಿಡಬೇಕು. ಮುಂದೆ 1897ರಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೊಟ್ಟರು. ಆಮೇಲೆ ಹೊಟ್ಟೆ ಕೆಂಪಾದ ಸೊಳ್ಳೆಗಳನ್ನು ಗಾಜಿನ ನಳಿಗೆಗಳಲ್ಲಿ ಹಿಡಿದಿಟ್ಟು ದಿನಕ್ಕಿಷ್ಟರಂತೆ ಕೊಯ್ಯಬೇಕು. ರೆಕ್ಕೆ, ಕಾಲು ಕಿತ್ತು, ಗಾಜಿನ ಪಟ್ಟಿಯ ಮೇಲೆ ಉಪ್ಪುನೀರಿನ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಎದೆಯನ್ನು ಒತ್ತಿ ಹಿಡಿದು ಇನ್ನೊಂದರಿಂದ ಬಾಲದ ತುದಿಯನ್ನು ಮೆಲ್ಲಗೆ ಎಳೆದರೆ ಜಠರ ಹೊರಬರುತ್ತದೆ. ಜೋರಾಗಿ ಎಳೆದರೆ ಅದು ಹರಿದು ಎಲ್ಲ ಕಲಸಿಹೋಗುತ್ತದೆ. ಗಾಳಿಗೆ ಸೊಳ್ಳೆಗಳು ಹಾರಿಹೋಗುತ್ತವೆಂದು ಪಂಖಾ ಬೀಸಿಸುವಂತಿರಲಿಲ್ಲ. ಸುರಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು.

ಹುಡುಕುತ್ತಿರುವುದು ಹೇಗಿರುತ್ತದೆ, ಸೊಳ್ಳೆಯ ಯಾವ ಅಂಗದಲ್ಲಿರುತ್ತದೆ ಎಂಬುದೇ ಗೊತ್ತಿರಲಿಲ್ಲ. ಜೊತೆಗೆ ಸುಲಭವಾಗಿ ಸಿಗುತ್ತಿದ್ದವು ಕ್ಯೂಲೆಕ್ಸ್, ಈಡಿಸ್ ಜಾತಿಯವು. ಅವುಗಳ ಜಠರದಲ್ಲಿ ಪರಾವಲಂಬಿಯ ಮೊದಲ ಬದಲಾವಣೆಗಳು ಕಾಣುತ್ತವೆ, ಮನುಷ್ಯರ ಮಲೇರಿಯಾ ಅಲ್ಲಿಂದಾಚೆಗೆ ಬೆಳೆಯುವುದೇ ಇಲ್ಲ. ಆರಂಭದಲ್ಲಿ ಅಷ್ಟು ಕಂಡದ್ದೇ ರಾಸ್ ಅವರನ್ನು ತಪ್ಪು ಸೊಳ್ಳೆಗೆ ಕಟ್ಟಿಹಾಕಿತು ಎನ್ನಬೇಕು. ಅಷ್ಟರಲ್ಲಿ, 1895ರ ಸೆಪ್ಟೆಂಬರಿನಲ್ಲಿ, ಕಾಲರಾ ಹತೋಟಿಗೆಂದು ಸರ್ಕಾರ ಅವರನ್ನು ಬೆಂಗಳೂರಿಗೆ ಕಳಿಸಿತು. ಸೊಳ್ಳೆಯ ಕೆಲಸ ಹಿಂದೆ ಬಿತ್ತು. 1897ರಲ್ಲಿ ನೀಲಗಿರಿಯ ಸೀಗೂರು ಘಟ್ಟಕ್ಕೆ ಹೋದಾಗ ಅವರಿಗೇ ಮಲೇರಿಯಾ ಹಿಡಿಯಿತು.

ಮತ್ತೆ ಸಿಕಂದರಾಬಾದ್, 1897ರ ಆಗಸ್ಟ್. ಈ ಸಲ ರೆಕ್ಕೆಯ ಮೇಲೆ ಮಚ್ಚೆಗಳಿದ್ದ, ಬೇರೆಯದೇ ತರಹದ ಸೊಳ್ಳೆಗಳು ಸಿಕ್ಕಿದವು. ಅವೇ ಅನಾಫಿಲಿಸ್. ಕೂತಾಗ ಬಾಲವನ್ನು ಮೇಲೆತ್ತಿ ಓರೆಯಾಗಿ ನಿಲ್ಲುವುದು ಇವುಗಳ ಗುರುತು. ಮರಿಹುಳು ನೀರಿನ ಮೇಲ್ಮೈಗೆ ಸಮನಾಗಿ ಚಾಚಿ ಮಲಗಿರುತ್ತದೆ, ಕ್ಯೂಲೆಕ್ಸ್‌ನದು ತಲೆ ಕೆಳಗಾಗಿ ಜೋತಿರುತ್ತದೆ. ಹುಸೇನ್ ಖಾನರ ರಕ್ತ ಕುಡಿದ ಇಂಥ ಸೊಳ್ಳೆಗಳಲ್ಲಿ ಒಂದನ್ನು ಆಗಸ್ಟ್ 20ರಂದು ಕೊಯ್ದಾಗ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಒಳಗೆ ಕರಿ ಕಣಗಳು. ಪರಾವಲಂಬಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದು ಉಳಿಸುವ ಕಣಗಳು ಅವು. ಸೊಳ್ಳೆಯ ಸ್ವಂತ ಕೋಶಗಳಲ್ಲಿ ಅಂಥವು ಇರುವುದಿಲ್ಲ. ಮರುದಿನ ಇನ್ನೊಂದು ಸೊಳ್ಳೆಯನ್ನು ಕೊಯ್ದರೆ ಕೋಶಗಳು ಮತ್ತಷ್ಟು ದೊಡ್ಡದಾಗಿದ್ದವು, ಅಂದರೆ ಅಲ್ಲಿ ಏನೋ ಬೆಳೆಯುತ್ತಿತ್ತು. ನನಗೆ ಎರಡನೆಯ ದಿನದ್ದೇ ದೊಡ್ಡ ಸಾಕ್ಷಿ ಅನಿಸುತ್ತದೆ. ಒಂದೇ ಸಲ ಕಂಡದ್ದನ್ನು ಯಾರಾದರೂ ಅಲ್ಲಗಳೆಯಬಹುದಿತ್ತು.

ಅಲ್ಲಿಗೇ ಮತ್ತೆ ವರ್ಗ. ಮಲೇರಿಯಾ ವಿರಳವಾದ ರಾಜಪುತಾನದ ಖೇರ್ವಾಡಾಕ್ಕೆ, ಅಲ್ಲಿಂದ 1898ರಲ್ಲಿ ಕಲ್ಕತ್ತೆಗೆ. ಅಲ್ಲಿ ಪ್ಲೇಗಿನ ಗಲಾಟೆಯಿಂದ ಜನ ಬೆರಳು ಚುಚ್ಚಿಸಿಕೊಳ್ಳಲು ಹೆದರುತ್ತಿದ್ದರು. ರಾಸ್ ಹಕ್ಕಿಗಳ ಮಲೇರಿಯಾದತ್ತ ತಿರುಗಿದರು. ಹಕ್ಕಿಯ ರೋಗಕ್ಕೆ ಕ್ಯೂಲೆಕ್ಸ್ ಸೊಳ್ಳೆಯೇ ಸರಿಯಾದ ವಾಹಕ. ಸಹಾಯಕ ಮಹಮ್ಮದ್ ಬಕ್ಷ್ ಜೊತೆ ನಡೆಸಿದ ಕೆಲಸದಲ್ಲಿ ಜಠರದ ಕೋಶಗಳು ಒಡೆದು ದಾರದಂಥ ಜೀವಿಗಳು ಹೊರಬರುವುದು, ಅವು ಸೊಳ್ಳೆಯ ಜೊಲ್ಲಿನ ಗ್ರಂಥಿ ಸೇರುವುದು ಆ ಜುಲೈನಲ್ಲಿ ಗೊತ್ತಾಯಿತು. ಅಂಥ ಸೊಳ್ಳೆಗಳಿಂದ ಕಚ್ಚಿಸಿದ ಆರೋಗ್ಯವಂತ ಹಕ್ಕಿಗಳಿಗೆ ರೋಗ ಬಂತು. ನೀರು ಕುಡಿಯುವ ಊಹೆ ಅಲ್ಲಿಗೆ ಮುಗಿಯಿತು.

ಮನುಷ್ಯರ ಮಲೇರಿಯಾ ಅನಾಫಿಲಿಸ್‌ನಲ್ಲಿ ಪೂರ್ತಿ ಬೆಳೆಯುವುದನ್ನು ತೋರಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು. 1902ರ ನೊಬೆಲ್ ರಾಸ್ ಒಬ್ಬರಿಗೇ ಸಂದಿತು. ಇಟಲಿಯವರ ಪಾಲನ್ನು ರಾಸ್ ಮನಸಾರೆ ಒಪ್ಪಲಿಲ್ಲ, ಅದು ನ್ಯಾಯವಲ್ಲ.

ಸೇನಾ ಸೇವೆ ಬಿಟ್ಟು 1899ರಲ್ಲಿ ಲಿವರ್‌ಪೂಲ್ ಉಷ್ಣವಲಯ ವೈದ್ಯಶಾಲೆ ಸೇರಿದ ಮೇಲೆ ರಾಸ್ ಗಣಿತದತ್ತಲೂ ಹೊರಳಿದರು. ಮಲೇರಿಯಾ ಹರಡಬೇಕಾದರೆ ಸೊಳ್ಳೆ ರೋಗಿಯನ್ನು ಕಚ್ಚಬೇಕು, ಒಳಗಿನ ಪರಾವಲಂಬಿ ಬಲಿಯುವವರೆಗೆ ಸುಮಾರು ಎರಡು ವಾರ ಬದುಕಿರಬೇಕು, ಆಮೇಲೆ ಇನ್ನೊಬ್ಬರನ್ನು ಕಚ್ಚಬೇಕು. ಹೆಚ್ಚಿನ ಸೊಳ್ಳೆಗಳು ಅಷ್ಟು ದಿನ ಉಳಿಯುವುದಿಲ್ಲ. ಆದ್ದರಿಂದ ಊರಿನ ಸೊಳ್ಳೆಯನ್ನೆಲ್ಲ ನಿರ್ನಾಮ ಮಾಡಬೇಕಿಲ್ಲ, ಜನಸಂಖ್ಯೆಗೆ ತಕ್ಕ ಒಂದು ಮಿತಿಯಿಂದ ಕೆಳಗಿಳಿಸಿದರೆ ರೋಗ ತಾನಾಗಿಯೇ ಅಳಿಯುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಸಾಂಕ್ರಾಮಿಕ ರೋಗಗಳ ಗಣಿತ ಇಂದಿಗೂ ಆ ಲೆಕ್ಕದ ಮೇಲೆ ನಿಂತಿದೆ.