ಕೈಗೆಷ್ಟು, ಕುರ್ಚಿಗೆಷ್ಟು: ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಕ್ಲೋಸರ್ ಬೆಲೆ

ನಮಸ್ಕಾರ. ಫ್ಯಾಂಟಸಿ ಬೇಸ್‌ಬಾಲ್ ಅಂದ್ರೆ ಅಮೆರಿಕದ ಬೇಸ್‌ಬಾಲ್ ಲೀಗ್‌ನ ನಿಜವಾದ ಆಟಗಾರರನ್ನ ಆರಿಸಿ ತಂಡ ಕಟ್ಟಿ, ಅವರ ಅಂಕಿಗಳಿಂದ ಪಾಯಿಂಟ್ ಗಳಿಸೋ ಆಟ. ಅದರಲ್ಲಿ ಕ್ಲೋಸರ್‌ಗೆ, ಅಂದ್ರೆ ಗೆಲ್ತಿರೋ ಪಂದ್ಯದ ಕೊನೇ ಇನ್ನಿಂಗ್ಸ್, ಒಂಬತ್ತನೆಯದನ್ನ, ಮುಗಿಸೋ ಪಿಚರ್‌ಗೆ, ಎಷ್ಟು ಬೆಲೆ ಕೊಡ್ಬೇಕು ಅನ್ನೋದು ಇವತ್ತಿನ ವಿಷಯ. ಸ್ಕ್ರೀನ್ ಮೇಲೆ ಇರೋ ಕ್ಯಾಲೆಂಡರ್ ನೋಡಿ. 2025, ಜುಲೈ ಕೊನೇ ವಾರ. 28ನೇ ತಾರೀಖು ಕ್ಲೀವ್‌ಲ್ಯಾಂಡ್‌ನ ಕ್ಲೋಸರ್ ಎಮ್ಯಾನುಯೆಲ್ ಕ್ಲಾಸೆ ಅವರನ್ನ ಬೆಟ್ಟಿಂಗ್ ತನಿಖೆ ಸಂಬಂಧ ಲೀಗ್‌ನವರು ರಜೆ ಮೇಲೆ ಕಳಿಸಿದ್ರು. 30ಕ್ಕೆ ಸೇಂಟ್ ಲೂಯಿಸ್‌ನ ರಯಾನ್ ಹೆಲ್ಸ್‌ಲಿ ನ್ಯೂಯಾರ್ಕ್‌ನ ಮೆಟ್ಸ್ ತಂಡಕ್ಕೆ ಟ್ರೇಡ್ ಆದ್ರು, ಅಲ್ಲಿ ಒಂಬತ್ತನೇ ಇನ್ನಿಂಗ್ಸ್ ಎಡ್ವಿನ್ ಡಿಯಾಸ್ ಕೈಲಿತ್ತು. 31ಕ್ಕೆ ಅಥ್ಲೆಟಿಕ್ಸ್ ತಂಡದ ಮೇಸನ್ ಮಿಲ್ಲರ್ ಸ್ಯಾನ್ ಡಿಯೇಗೋಗೆ ಹೋದ್ರು, ಅಲ್ಲಿ ರಾಬರ್ಟ್ ಸ್ವಾರೆಸ್ ಆಗಲೇ ಕೂತಿದ್ರು. ಮಿಲ್ಲರ್ ತೋಳಿನಲ್ಲಿ ಒಂದು ಮೈಲಿ ವೇಗವೂ ಕಮ್ಮಿ ಆಗಿರ್ಲಿಲ್ಲ. ಆದ್ರೂ ಫ್ಯಾಂಟಸಿ ತಂಡಗಳ ಲೆಕ್ಕದಲ್ಲಿ ಅವರ ಸೇವ್‌ಗಳು, ಅಂದ್ರೆ ಮುನ್ನಡೆ ಕಾಪಾಡಿದ್ದಕ್ಕೆ ಸಿಗೋ ಅಂಕಿ, ರಾತ್ರೋರಾತ್ರಿ ಮಾಯ.

ರಿಲೀಫ್ ಪಿಚರ್‌ಗೆ (ರಿಲೀವರ್, ಪಂದ್ಯ ಶುರು ಮಾಡೋ ಸ್ಟಾರ್ಟರ್ ಆದ್ಮೇಲೆ ಬರೋ ಪಿಚರ್) ಬೆಲೆ ಕಟ್ಟೋವಾಗ ಎಡವೋದು ಇಲ್ಲೇ. ನೀವು ಒಬ್ಬ ಆಟಗಾರನಿಗೆ ದುಡ್ಡು ಕೊಡ್ತಿದ್ದೀರಿ ಅಂದ್ಕೊಂಡಿರ್ತೀರಿ, ಆದ್ರೆ ಕೊಳ್ತಿರೋದು ಎರಡು ಸಾಮಾನು. ಒಂದು ಕೈ, ಅಂದ್ರೆ ಅವನ ಬೌಲಿಂಗ್. ಇನ್ನೊಂದು ಕುರ್ಚಿ, ಅಂದ್ರೆ ಒಂಬತ್ತನೇ ಇನ್ನಿಂಗ್ಸ್‌ನ ಕೆಲಸ. ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕ್ಬೇಕು.

ಮೊದಲು ಸೇವ್ ಅಂದ್ರೇನು, ಚುಟುಕಾಗಿ. 1969ರಿಂದ ಅಧಿಕೃತವಾಗಿ ಲೆಕ್ಕಕ್ಕೆ ಬಂದ ಅಂಕಿ ಇದು. ಗೆಲ್ಲೋ ತಂಡದ ಕೊನೇ ಪಿಚರ್ ಆಗಿರ್ಬೇಕು, ಗೆಲುವು ಅವನ ಖಾತೆಗೆ ಹೋಗಿರ್ಬಾರ್ದು. ಮೂರು ರನ್ ಅಥವಾ ಅದಕ್ಕಿಂತ ಕಮ್ಮಿ ಮುನ್ನಡೆ ಇದ್ದಾಗ ಬಂದು ಕನಿಷ್ಠ ಒಂದು ಇನ್ನಿಂಗ್ಸ್ ಮುಗಿಸಿದ್ರೆ ಸೇವ್. ನಮ್ಮ ಕ್ರಿಕೆಟ್‌ನಲ್ಲಿ ಕೊನೇ ಓವರ್‌ಗೆ ಹತ್ತು ರನ್ ಕಾಪಾಡೋ ಬೌಲರ್ ಇದ್ದಂಗೆ. ಈಗ 5-2 ಇದೆ, ಕ್ಲೋಸರ್ ವಾರ್ಮ್‌ಅಪ್ ಮಾಡ್ತಿದ್ದಾನೆ, ಅಷ್ಟ್ರಲ್ಲಿ ಅವನದೇ ತಂಡ ಇನ್ನೊಂದು ರನ್ ಹೊಡೆದು 6-2 ಮಾಡ್ತು. ಹೋಯ್ತು ಸೇವ್! ಅದೇ 6-2ರಲ್ಲಿ ಬೇರೆಯವನು ಬಂದು ಇಬ್ಬರನ್ನ ಬೇಸ್ ಮೇಲೆ ಬಿಟ್ಟ ಅಂತಿಟ್ಕೊಳ್ಳಿ, ಸಮ ಮಾಡೋ ರನ್ ಆನ್-ಡೆಕ್‌ನಲ್ಲಿ, ಅಂದ್ರೆ ಮುಂದಿನ ಸರದಿಗೆ ಕಾಯ್ತಾ, ನಿಂತ ಬ್ಯಾಟರ್ ಆಗ್ತಾನೆ, ಈಗ ಕ್ಲೋಸರ್ ಬಂದ್ರೆ ಸೇವ್ ಮತ್ತೆ ಜೀವಂತ. ಅಂದ್ರೆ ಸೇವ್ ಅನ್ನೋದು ಪಿಚರ್ ಕೈಯಲ್ಲಿರೋದಕ್ಕಿಂತ ಹೆಚ್ಚಾಗಿ ಸ್ಕೋರ್‌ಬೋರ್ಡ್ ಕೈಯಲ್ಲಿ, ಮ್ಯಾನೇಜರ್ ಕೈಯಲ್ಲಿ ಇರುತ್ತೆ.

ಈಗ ಶೀಟ್ ತೆಗೀತೀವಿ. ಲೀಗ್ ಸಾಮಾನ್ಯ 5x5 ರೋಟಿಸರಿ (ಬ್ಯಾಟಿಂಗ್‌ಗೆ ಐದು, ಪಿಚಿಂಗ್‌ಗೆ ಐದು ವಿಭಾಗ, ಪ್ರತಿ ವಿಭಾಗದಲ್ಲಿ ತಂಡದ ಸ್ಥಾನಕ್ಕೆ ತಕ್ಕ ಪಾಯಿಂಟ್), 12 ತಂಡ, ಆಟಗಾರರನ್ನ ಹರಾಜಲ್ಲಿ ಕೊಳ್ಳೋಕೆ ತಲಾ 260 ಡಾಲರ್. ಅಂಕಿಗಳೆಲ್ಲ ಉದಾಹರಣೆಗೆ ಹಾಕಿರೋವು, ನಿಮ್ಮ ಲೀಗ್‌ನ ಹೋದ ವರ್ಷದ ಪಟ್ಟಿ ತಂದು ಇದೇ ಜಾಗದಲ್ಲಿ ತುಂಬಿ.

ಸೇವ್ ವಿಭಾಗದಲ್ಲಿ ಮೊದಲ ಸ್ಥಾನದವರು 100, ಕೊನೆಯವರು 34. ವ್ಯತ್ಯಾಸ 66, ಮಧ್ಯೆ 11 ಮೆಟ್ಟಿಲು, ಅಂದ್ರೆ ಆರು ಸೇವ್‌ಗೆ ಒಂದು ಪಾಯಿಂಟ್. ಕೊನೇ ತಂಡ ಸೇವ್ ಆಸೆಯನ್ನೇ ಬಿಟ್ಟು 5ಕ್ಕೆ ನಿಂತಿದ್ರೆ ಆ ಸಾಲನ್ನ ಅಳಿಸಿಬಿಟ್ಟು ಲೆಕ್ಕ ಹಾಕಿ, ಇಲ್ಲಾಂದ್ರೆ ಮೆಟ್ಟಿಲು ಸುಮ್ಮನೆ ಎತ್ತರ ಆಗುತ್ತೆ.

30 ಸೇವ್ ಅಂದಾಜಿರೋ ಕ್ಲೋಸರ್ ಐದು ಪಾಯಿಂಟ್ ತರ್ತಾನೆ ಅಂತ ಬರೆದುಬಿಡ್ಬೇಡಿ. ಅವನು ವರ್ಷಪೂರ್ತಿ ಕುರ್ಚಿಯಲ್ಲಿ ಇರೋ ಸಾಧ್ಯತೆ ಎಷ್ಟು? ನೂರಕ್ಕೆ 60 ಅನ್ನಿ. ಉಳಿದ 40ರಲ್ಲಿ ಅರ್ಧ ದಾರೀಲಿ ಕಳ್ಕೊಂಡ್ರೆ 15 ಸೇವ್. 30ರಲ್ಲಿ 60 ಭಾಗ 18, 15ರಲ್ಲಿ 40 ಭಾಗ 6, ಕೂಡಿದ್ರೆ 24. ಅದರಿಂದ ವೇವರ್‌ನಲ್ಲಿ, ಅಂದ್ರೆ ಯಾವ ತಂಡವೂ ತಗೊಳ್ಳದೇ ಉಳಿದವರ ಪಟ್ಟಿಯಲ್ಲಿ, ಪುಕ್ಕಟೆ ಸಿಗೋ ಪಿಚರ್ ತರೋ ಆರು ಸೇವ್ ಕಳೀರಿ. ಉಳಿದಿದ್ದು 18, ಅಂದ್ರೆ ಮೂರು ಪಾಯಿಂಟ್. ಐದು ಅಂತ ಹಾಕಿದ ಬೆಲೆ ಇಲ್ಲಿಗೆ ಇಳೀತು.

ಕೈ ಲೆಕ್ಕ ಇದಕ್ಕಿಂತ ಮಜವಾಗಿದೆ. ನಿಮ್ಮ ಪಿಚಿಂಗ್ ಒಟ್ಟು 1,300 ಇನ್ನಿಂಗ್ಸ್, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಡೋ ಅರ್ನ್ಡ್ ರನ್, ಅಂದ್ರೆ ಫೀಲ್ಡರ್ ತಪ್ಪಿಲ್ಲದೇ ಬಂದ ರನ್) 3.90. ಅದರಲ್ಲಿ 65 ಇನ್ನಿಂಗ್ಸ್ ತೆಗೆದು 2.00 ಇಆರ್‌ಎ ಇರೋ ರಿಲೀವರ್‌ನ ಹಾಕಿ. ಸುಮಾರು 14 ಅರ್ನ್ಡ್ ರನ್ ಉಳೀತು, ತಂಡದ ಇಆರ್‌ಎ 3.80ರ ಹತ್ತಿರ ಬಂತು. ಅದೇ ಜಾಗಕ್ಕೆ 180 ಇನ್ನಿಂಗ್ಸ್, 3.30 ಇಆರ್‌ಎ ಇರೋ ಒಳ್ಳೇ ಸ್ಟಾರ್ಟರ್‌ನ ಹಾಕಿದ್ರೆ ಉಳಿಯೋದು 12 ರನ್. ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಇನ್ನಿಂಗ್ಸ್‌ನಲ್ಲಿ ರಿಲೀವರ್ ಅವನಿಗಿಂತ ಜಾಸ್ತಿ ಉಳಿಸಿದ. ಇಆರ್‌ಎಯಲ್ಲಿ 0.06ಕ್ಕೆ ಒಂದು ಪಾಯಿಂಟ್ ಇದ್ರೆ ಇದೊಂದೇ ಒಂದೂವರೆ ಪಾಯಿಂಟ್. ವಿಪ್‌ನಲ್ಲೂ (ಪ್ರತಿ ಇನ್ನಿಂಗ್ಸ್‌ಗೆ ಪಿಚರ್ ಕೊಡೋ ಹಿಟ್ ಮತ್ತು ವಾಕ್, ವಾಕ್ ಅಂದ್ರೆ ನಾಲ್ಕು ಕೆಟ್ಟ ಬಾಲ್‌ಗೆ ಪುಕ್ಕಟೆ ಸಿಗೋ ಬೇಸ್) ಅಷ್ಟೇ: 1.25 ಇರೋ ಕಡೆ 0.95 ಬಂದ್ರೆ ತಂಡದ ಅಂಕಿ 0.015 ಇಳಿಯುತ್ತೆ. ಎರಡೂ ಕೂಡಿದ್ರೆ ಹೆಚ್ಚುಕಮ್ಮಿ ಮೂರು ಪಾಯಿಂಟ್. ಕುರ್ಚಿ ಹೋದ್ರೂ ಇದು ಹೋಗಲ್ಲ.

ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾತ್ರ ನೋಡ್ಕೊಂಡು ಹಾಕಿ. ಇನ್ನಿಂಗ್ಸ್ ಮಿತಿ ಇಲ್ಲದ ಲೀಗ್‌ನಲ್ಲಿ ರಿಲೀವರ್ 85 ಕೊಟ್ರೆ ಸ್ಟಾರ್ಟರ್ 170 ಕೊಡ್ತಾನೆ, ಆ ಕೊರತೆ ರಿಲೀವರ್ ತಲೆ ಮೇಲೇ ಬರ್ಬೇಕು. 1,400 ಇನ್ನಿಂಗ್ಸ್ ಮಿತಿ ಇರೋ ಕಡೆ ಲೆಕ್ಕ ತಲೆಕೆಳಗು. ಅಲ್ಲಿ ಪ್ರತಿ ಇನ್ನಿಂಗ್ಸ್‌ಗೆ ಎಷ್ಟು ಅನ್ನೋದಷ್ಟೇ ಮುಖ್ಯ, ಮಿಲ್ಲರ್ 2024ರಲ್ಲಿ 65 ಇನ್ನಿಂಗ್ಸ್‌ಗೆ 104 ತೆಗೆದಿದ್ರು. ಇಂಥವರಿಗೆ ಸೇವ್ ಒಂದೂ ಬರದೇ ಇದ್ರೂ ಜಾಗ ಕೊಡಬಹುದು. ಮಿತಿ ಇದೆಯಾ ಇಲ್ವಾ ಅಂತ ನೋಡದೇ ಬೇರೆಯವರ ರ್‍ಯಾಂಕಿಂಗ್ ಪಟ್ಟಿ ಹಿಡ್ಕೊಂಡು ಡ್ರಾಫ್ಟ್‌ಗೆ, ಅಂದ್ರೆ ಆಟಗಾರರನ್ನ ಆರಿಸೋಕೆ, ಕೂರೋರು ತುಂಬಾ ಜನ. ಆ ಪಟ್ಟಿ ಯಾವ ನಿಯಮಕ್ಕೆ ಮಾಡಿದ್ದು ಅಂತ ಕೇಳೋದೇ ಇಲ್ಲ.

ಕುರ್ಚಿ ಎಷ್ಟು ಗಟ್ಟಿ ಅಂತ ಅಳೆಯೋದು ಹೇಗೆ? ಸಂಬಳ ಒಂದು ಸುಳಿವು. ಜಾಶ್ ಹೇಡರ್‌ಗೆ ಹ್ಯೂಸ್ಟನ್ ಐದು ವರ್ಷಕ್ಕೆ 95 ಮಿಲಿಯನ್ ಡಾಲರ್ ಕೊಟ್ಟಿದೆ. ಅಂಥವರು ಎರಡು ಪಂದ್ಯ ಕೆಡಿಸಿದ್ರೂ ಮ್ಯಾನೇಜರ್ ಸುಮ್ಮನಿರ್ತಾರೆ. ಆದ್ರೆ ದೊಡ್ಡ ಹೆಸರಷ್ಟೇ ಸಾಲದು: ಡೆವಿನ್ ವಿಲಿಯಮ್ಸ್ 2025ರಲ್ಲಿ ಯಾಂಕೀಸ್‌ಗೆ ಬಂದವರು ಏಪ್ರಿಲ್ ಮುಗಿಯೋದ್ರೊಳಗೆ ಕೆಲಸ ಕಳ್ಕೊಂಡ್ರು, ಲೂಕ್ ವೀವರ್ ಬಂದ್ರು. ಇನ್ನು ಗಾಯಕ್ಕೆ ಯಾವ ಲೆಕ್ಕವೂ ಇಲ್ಲ. ಡಿಯಾಸ್ 102 ಮಿಲಿಯನ್ ಒಪ್ಪಂದ ಮಾಡ್ಕೊಂಡು, 2023ರ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಪಂದ್ಯ ಗೆದ್ದ ಖುಷೀಲಿ ಕುಣಿಯೋವಾಗ ಮೊಣಕಾಲು ಕೆಡಿಸ್ಕೊಂಡು ಇಡೀ ಸೀಸನ್ ಕಳ್ಕೊಂಡ್ರು. ಡ್ರಾಫ್ಟ್‌ನ ಆದಷ್ಟು ತಡವಾಗಿ, ಸೀಸನ್ ಶುರುವಿನ ಹಿಂದಿನ ವಾರ ಇಟ್ಕೊಳ್ಳಿ ಅನ್ನೋದು ಇದಕ್ಕೇ.

ತಂಡ ಸೋಲೋ ತಂಡನಾ ಅಂತ ಜನ ಜಾಸ್ತಿ ತಲೆ ಕೆಡಿಸ್ಕೋತಾರೆ. ಒಟ್ಟಾರೆ ನೋಡಿದ್ರೆ ಗೆಲುವುಗಳಲ್ಲಿ ಸುಮಾರು ಅರ್ಧಕ್ಕೆ ಸೇವ್ ಇರುತ್ತೆ. 70 ಗೆಲ್ಲೋ ತಂಡ, 85 ಗೆಲ್ಲೋ ತಂಡ, ವ್ಯತ್ಯಾಸ ಏಳೆಂಟು ಸೇವ್ ಮಾತ್ರ. 2024ರ ವೈಟ್ ಸಾಕ್ಸ್ ಥರ 41 ಗೆದ್ದು 121 ಸೋತ್ರೆ ಆ ಮಾತು ಬೇರೆ. ಸೋಲೋ ತಂಡದ ಕ್ಲೋಸರ್‌ನ ನಿಜವಾದ ಅಪಾಯ ಟ್ರೇಡ್, ಜುಲೈ ಕೊನೆಗೆ ಮಾರಿಬಿಡ್ತಾರೆ. ಹಾಗಾಗಿ ಅಂಥವರ ಲೆಕ್ಕದಲ್ಲಿ ಆಗಸ್ಟ್, ಸೆಪ್ಟೆಂಬರ್ ಸೇವ್‌ಗಳನ್ನ ಅರ್ಧಕ್ಕೆ ಇಳಿಸಿ.

ಮುಂದೆ ಯಾರು ಕೂರ್ತಾರೆ ಅಂತ ಹುಡುಕೋಕೆ ಫ್ಯಾನ್‌ಗ್ರಾಫ್ಸ್ ಅನ್ನೋ ಅಂಕಿಅಂಶದ ವೆಬ್‌ಸೈಟ್‌ನಲ್ಲಿ ಜಿಎಂಎಲ್‌ಐ (gmLI) ಕಾಲಂ ನೋಡಿ. ಪಿಚರ್ ಮೈದಾನಕ್ಕೆ ಬಂದಾಗ ಪಂದ್ಯ ಎಷ್ಟು ಬಿಗಿಯಾಗಿತ್ತು ಅನ್ನೋದರ ಅಳತೆ ಅದು. ಸರಾಸರಿ 1. ಕ್ಲೋಸರ್ ಬಿಟ್ರೆ ಆ ತಂಡದಲ್ಲಿ ಅತಿ ಹೆಚ್ಚು ಯಾರಿಗಿದೆಯೋ ಅವರೇ ಸಾಲಿನಲ್ಲಿ ಮುಂದಿರೋರು. ಸ್ಟ್ರೈಕ್‌ಔಟ್ ಶೇಕಡಾದಿಂದ ವಾಕ್ ಶೇಕಡಾ ಕಳೆದಾಗ 20ರ ಮೇಲೆ ಬಂದ್ರೆ ಕೈಯೂ ಗಟ್ಟಿ ಅಂತ. ಕ್ಲಾಸೆ ಜಾಗಕ್ಕೆ ಬಂದ ಕೇಡ್ ಸ್ಮಿತ್ ಇಂಥವರೇ, ಸೇವ್ ಇಲ್ಲದಾಗಲೂ ಇಟ್ಕೊಂಡಿದ್ದವರಿಗೆ ನಷ್ಟ ಇರ್ಲಿಲ್ಲ. ಎಡಗೈಯವರಾದ್ರೆ ಸ್ವಲ್ಪ ಅನುಮಾನ ಇರ್ಲಿ, ಎಡಗೈ ಬ್ಯಾಟರ್‌ಗಳು ಸಾಲಾಗಿ ಬಂದಾಗ ಅವರನ್ನ ಏಳು, ಎಂಟನೇ ಇನ್ನಿಂಗ್ಸ್‌ನಲ್ಲೇ ಬಳಸಿಬಿಡ್ತಾರೆ. ಬೇಸ್‌ಬಾಲ್ ಸವಾಂಟ್ ವೆಬ್‌ಸೈಟ್‌ನಲ್ಲಿ ಕ್ಲೋಸರ್‌ನ ಫಾಸ್ಟ್‌ಬಾಲ್ ವೇಗ ಮೈಲಿ, ಒಂದೂವರೆ ಮೈಲಿ ಇಳಿದಿದ್ದು ಕಂಡ್ರೆ, ಸಾಲಿನಲ್ಲಿ ಮುಂದಿರೋನನ್ನ ತಗೊಳ್ಳೋಕೆ ಬ್ಲೋನ್ ಸೇವ್ (ಕ್ಲೋಸರ್ ಮುನ್ನಡೆ ಕಳ್ಕೊಳ್ಳೋದು) ಬರೋವರೆಗೂ ಕಾಯ್ಬೇಡಿ.

ಎಷ್ಟು ಜನ ಬೇಕು? ಗಟ್ಟಿ ಕೈ ಮತ್ತು ಗಟ್ಟಿ ಕುರ್ಚಿ ಎರಡೂ ಇರೋನು ಒಬ್ಬ, ಅಗ್ಗದ ಕುರ್ಚಿ ಒಂದು, ಮೂರನೆಯದು ವೇವರ್‌ನಿಂದ. ಗುರಿ ಮೂರನೇ ಅಥವಾ ನಾಲ್ಕನೇ ಸ್ಥಾನ. ಮೊದಲ ಸ್ಥಾನದಲ್ಲಿ ಎರಡನೆಯವರಿಗಿಂತ ಇಪ್ಪತ್ತು ಸೇವ್ ಮುಂದೆ ಹೋದ್ರೆ ಆ ಇಪ್ಪತ್ತಕ್ಕೆ ಕಾಸಿನ ಬೆಲೆ ಇಲ್ಲ, ಆಗ ಒಬ್ಬರನ್ನ ಟ್ರೇಡ್ ಮಾಡಿ ಬ್ಯಾಟರ್ ತಗೊಳ್ಳಿ. ನಿಮ್ಮ ಲೀಗ್‌ನಲ್ಲಿ ಸೇವ್ ಜೊತೆ ಹೋಲ್ಡ್ (ಕ್ಲೋಸರ್‌ಗಿಂತ ಮುಂಚೆ ಬಂದು ಮುನ್ನಡೆ ಕಾಪಾಡಿದ್ದಕ್ಕೆ ಸಿಗೋ ಅಂಕಿ) ಕೂಡಿಸ್ತಾರೆ ಅಂದ್ರೆ ಈ ಕುರ್ಚಿ ಕಥೆಯೇ ಮುಗೀತು. ಎಂಟನೇ ಇನ್ನಿಂಗ್ಸ್‌ನವನೂ ಅಷ್ಟೇ ಗಳಿಸ್ತಾನೆ, ಕೈ ನೋಡಿ ಕೊನೇ ಸುತ್ತುಗಳಲ್ಲಿ ತಗೊಳ್ಳಿ.

ದಿನಾ ತಂಡ ಬದಲಾಯಿಸೋ ಲೀಗ್ ಆದ್ರೆ ಒಂದು ಕೆಲಸ. ಸತತ ಎರಡು ದಿನ ಎಸೆದ ಕ್ಲೋಸರ್‌ನ ಮೂರನೇ ದಿನ ಸಾಮಾನ್ಯವಾಗಿ ಇಳಿಸಲ್ಲ, ಆವತ್ತಿಗೆ ಅವರ ಎರಡನೆಯವನನ್ನ ಎತ್ಕೊಳ್ಳಿ. ಬೆಂಗಳೂರಲ್ಲಿ ಕೂತು ಆಡೋರಿಗೆ ಸಮಯ ಹೀಗಿದೆ: ಪೂರ್ವ ಕರಾವಳಿಯ ಸಂಜೆ 7:05ರ ಪಂದ್ಯ ನಮಗೆ ಬೆಳಗ್ಗೆ 4:35ಕ್ಕೆ, ಪಶ್ಚಿಮದ 7:10ರದ್ದು 7:40ಕ್ಕೆ. ಎಲ್ಲ ಮುಗಿಯೋದು ಹತ್ತೂವರೆ ಸುಮಾರಿಗೆ. ಯಾರು ಎಷ್ಟು ಬಾಲ್ ಎಸೆದ್ರು ಅಂತ ಆಗ ಒಂದ್ಸಲ ನೋಡಿ, ರಾತ್ರಿ ಮಲಗೋ ಮುಂಚೆ ಪಟ್ಟಿ ಸರಿ ಮಾಡಿ. ವೇವರ್ ಬಿಡ್ ಅಮೆರಿಕದ ಭಾನುವಾರ ರಾತ್ರಿ ಮುಚ್ಚುತ್ತೆ ಅಂದ್ರೆ ಇಲ್ಲಿ ಸೋಮವಾರ ಬೆಳಗ್ಗೆ, ಅಲಾರಂ ಅದಕ್ಕಿರ್ಲಿ.