ಕೆಟ್ಟ ಸುದ್ದಿ ಬೇಗ ಬರಲಿ

ಕೇಳುಗರಿಗೆ ನಮಸ್ಕಾರ.

ಚೆನ್ನಾಗಿ ಕೆಲಸ ಮಾಡುವ ಎಂಜಿನಿಯರ್‌ಗೆ ಸಿಗುವ ಬಹುಮಾನ ಏನು ಗೊತ್ತಾ? ಆ ಕೆಲಸವನ್ನು ಅವರ ಕೈಯಿಂದ ಬಿಡಿಸಿ, ಇನ್ನು ಮೇಲೆ ಬೇರೆಯವರಿಂದ ಮಾಡಿಸಿ ಅನ್ನುವುದು. ನಿನ್ನೆಯವರೆಗೆ ಡ್ರಾಯಿಂಗು, ಲೆಕ್ಕ, ಟೆಸ್ಟಿಂಗು. ಇವತ್ತಿನಿಂದ ಎಂಟು ಜನರ ಟೀಮು, ಒಂದು ಬಜೆಟ್ಟು, ಒಂದು ಡೆಡ್‌ಲೈನು. ಬಡ್ತಿ ಅಂತ ಹೆಸರು, ಆದರೆ ನಿಜಕ್ಕೂ ಅದು ಬೇರೆಯದೇ ವೃತ್ತಿ.

ಹೊಸದಾಗಿ ಟೀಮ್ ಲೀಡರ್ ಆದವರು ಯೋಜನೆ ಬೇರೆ, ನಾಯಕತ್ವ ಬೇರೆ ಅಂತ ತಿಳಿಯುತ್ತಾರೆ. ಒಂದು ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ, ಇನ್ನೊಂದು ಮಾತಿನ ಕೆಲಸ. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ಲಾನ್‌ನಲ್ಲಿ ಕಾಣುವ ಹೆಚ್ಚಿನ ಅಂಕಿಗಳನ್ನು ಯಾರೋ ಒಬ್ಬರು ಬಾಯಿಬಿಟ್ಟು ಹೇಳಿರುತ್ತಾರೆ. ಅವರು ಕೆಲಸ ನೋಡಿ ಹೇಳಿದರಾ, ನಿಮ್ಮ ಮುಖ ನೋಡಿ ಹೇಳಿದರಾ ಅನ್ನುವುದರ ಮೇಲೆ ಆ ಪ್ಲಾನಿನ ಯೋಗ್ಯತೆ ನಿಂತಿದೆ.

"ಇದಕ್ಕೆ ಎಷ್ಟು ದಿನ ಬೇಕು?" ಅಂತ ಕೇಳಿ ನೋಡಿ. "ಆರು ದಿನ ಸಾರ್" ಎನ್ನುತ್ತಾರೆ. ಆ ಆರು ಎಲ್ಲಿಂದ ಬಂತು? ಎಲ್ಲವೂ ಸುಸೂತ್ರವಾಗಿ ನಡೆಯುವ ಒಂದು ವಾರವನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡಿರುತ್ತಾರೆ, ಅಲ್ಲಿಂದ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಈ ಸ್ವಭಾವದ ಬಗ್ಗೆ ಬರೆದಿದ್ದರು. ಹಿಂದೆ ಇಂಥದೇ ಕೆಲಸ ತಡವಾಗಿದ್ದು ಚೆನ್ನಾಗಿ ನೆನಪಿರುತ್ತದೆ. ಆದರೂ ಈ ಸಲ ಹಾಗಾಗಲ್ಲ ಅಂತಲೇ ಲೆಕ್ಕ ಹಾಕುತ್ತೇವೆ.

1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಪರ್ಟ್ ಎಂಬ ವಿಧಾನ ರೂಪಿಸಿತು. ಅದರಲ್ಲಿ ಒಂದೇ ಅಂದಾಜು ಕೇಳುವುದಿಲ್ಲ, ಮೂರು ಕೇಳುತ್ತಾರೆ. ಎಲ್ಲ ಸರಿ ಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. 4, 6, 14 ಅಂತ ಉತ್ತರ ಬಂತು ಅನ್ನಿ. ನಡುವಿನ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. 42ನ್ನು 6ರಿಂದ ಭಾಗಿಸಿದರೆ 7 ದಿನ. ಸೂತ್ರ ಇಷ್ಟೇ. ಆದರೆ ನನ್ನ ಕಣ್ಣು ಹೋಗುವುದು ಆ 14ರ ಮೇಲೆ. "ಹದಿನಾಲ್ಕು ಯಾಕೆ ಹೇಳಿದ್ರಿ?" ಅಂತ ಮೆಲ್ಲಗೆ ಕೇಳಿ. ಆಗ ಹೊರಗೆ ಬರುತ್ತದೆ. ಸೆನ್ಸರ್ ಹೊಸ ಮಾಡೆಲ್, ಯಾರೂ ಬಳಸಿಲ್ಲ. ಪರೀಕ್ಷೆ ಮಾಡುವ ಯಂತ್ರ ಒಂದೇ ಇದೆ, ಇನ್ನೊಂದು ಟೀಮಿಗೂ ಅದೇ ಬೇಕು. ಇಂಥ ಸಂಗತಿಗಳು "ಆರು ದಿನ ಸಾರ್" ಅನ್ನುವ ಉತ್ತರದೊಳಗೆ ಅಡಗಿದ್ದವು.

ಇನ್ನು ಕ್ರಿಟಿಕಲ್ ಪಾತ್, ಅಂದರೆ ಯಾವ ಕೆಲಸಗಳ ಸಾಲು ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುತ್ತದೋ ಆ ಸಾಲು. ಅದನ್ನು ಗುರುತಿಸುವ ವಿಧಾನ 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಎಂಬ ರಾಸಾಯನಿಕ ಕಂಪನಿಯಲ್ಲಿ ಬೆಳೆಯಿತು. ಒಂದು ಪಂಪ್‌ಹೌಸ್ ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಆರ್ಡರ್ ಕೊಟ್ಟ ಮೇಲೆ ಪಂಪ್ ಬರಲು 16 ವಾರ. ಅದೇ ಹೊತ್ತಿನಲ್ಲಿ ನಡೆಯುವ ಅಡಿಪಾಯ, ಕಟ್ಟಡಕ್ಕೆ 9 ವಾರ. ಪಂಪ್ ಕೂರಿಸಲು 2 ವಾರ. ಒಟ್ಟು 18. ಕಟ್ಟಡದವರಿಗೆ 7 ವಾರ ಬಿಡುವಿದೆ, ಪಂಪಿಗೆ ಒಂದು ದಿನವೂ ಇಲ್ಲ. ಆದರೆ ಲೀಡರ್ ಯಾರ ಮೇಲೆ ಕೂಗಾಡುತ್ತಾರೆ? ಸೈಟಿನಲ್ಲಿ ಕಣ್ಣಿಗೆ ಕಾಣುವ ಕಟ್ಟಡದವರ ಮೇಲೆ. ಪಂಪಿನ ಆರ್ಡರ್ ಕಾಗದ ಸಹಿಗಾಗಿ ಯಾರದೋ ಮೇಜಿನ ಮೇಲೆ ಸುಮ್ನೆ ಬಿದ್ದಿರುತ್ತದೆ. ಆ ಸಹಿ ಒಂದು ವಾರ ತಡವಾದರೆ ಇಡೀ ಪ್ರಾಜೆಕ್ಟೇ ಒಂದು ವಾರ ತಡ. ಎಷ್ಟೋ ಸಲ ಆ ಮೇಜು ಲೀಡರ್‌ದೇ ಆಗಿರುತ್ತದೆ, ಅದು ಬೇರೆ ವಿಷಯ.

ಅವಸರ ಎಷ್ಟು ದುಬಾರಿ ಅನ್ನುವುದಕ್ಕೆ ಸಿಡ್ನಿಯ ಒಪೆರಾ ಹೌಸ್ ಇದೆ. ಚಾವಣಿಯ ವಿನ್ಯಾಸ ಇನ್ನೂ ಬಗೆಹರಿದಿರಲಿಲ್ಲ. ಆದರೂ ಸರ್ಕಾರದ ಒತ್ತಡಕ್ಕೆ 1959ರಲ್ಲಿ ಕೆಲಸ ಶುರುವಾಯಿತು. ಆಮೇಲೆ ಚಾವಣಿಯ ಭಾರ ತಡೆಯಲು ಕೆಳಗಿನ ಕಂಬಗಳಿಗೆ ಶಕ್ತಿ ಸಾಲದು ಅಂತ ಗೊತ್ತಾಗಿ, ಅವನ್ನು ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದದ್ದು ಮುಗಿದಿದ್ದು 1973ಕ್ಕೆ. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದಾಜು 10 ಕೋಟಿ 20 ಲಕ್ಷಕ್ಕೆ ಹೋಯಿತು. ಕಟ್ಟಡ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ವರ್ಷದ ತಡವನ್ನು ನುಂಗಿಕೊಳ್ಳುವ ಗ್ರಾಹಕರು ನಮಗೆಲ್ಲ ಸಿಗುವುದಿಲ್ಲ, ಅಲ್ವಾ?

ತಡವಾದಾಗ ಜನರನ್ನು ಸೇರಿಸುವುದು ಇನ್ನೊಂದು ಚಾಳಿ. ಐದು ಜನರ ಟೀಮಿನಲ್ಲಿ ಇಬ್ಬಿಬ್ಬರ ಜೋಡಿ ಲೆಕ್ಕ ಹಾಕಿದರೆ ಹತ್ತು ಜೋಡಿ. ಹತ್ತು ಜನರಾದರೆ 45. ಅಷ್ಟು ಕಡೆ ಮಾತುಕತೆ ಆಗಬೇಕು, ತಪ್ಪು ತಿಳಿವಳಿಕೆಗೂ ಅಷ್ಟೇ ದಾರಿ. ಜೊತೆಗೆ ಹೊಸಬರಿಗೆ ಕಲಿಸಲು ಕೂರುವವರು ಹಳಬರೇ. ಐಬಿಎಂನ ದೊಡ್ಡ ಸಾಫ್ಟ್‌ವೇರ್ ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ ಇದನ್ನು 1975ರಲ್ಲೇ ಹೇಳಿದ್ದರು. ತಡವಾದ ಪ್ರಾಜೆಕ್ಟಿಗೆ ಜನ ತುಂಬಿದರೆ ಅದು ಇನ್ನೂ ತಡವಾಗುತ್ತದೆ.

ಇಲ್ಲಿಯವರೆಗೆ ದಿನ, ದುಡ್ಡಿನ ಮಾತಾಯಿತು. ಇದಕ್ಕಿಂತ ದೊಡ್ಡದನ್ನು ಕಳೆದುಕೊಂಡ ಉದಾಹರಣೆಯೂ ಇದೆ. 1986ರ ಜನವರಿ 27ರ ರಾತ್ರಿ. ಮರುದಿನ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಫೋನ್ ಸಭೆಯಲ್ಲಿ ಬೇಡ ಅಂದರು. ಚಳಿಗೆ ರಬ್ಬರ್ ಸೀಲುಗಳು ಗಡುಸಾಗುತ್ತವೆ, ಸುಮಾರು 12 ಡಿಗ್ರಿಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಅಂತ ಅವರ ಸಲಹೆ. ನಾಸಾ ಕಡೆಯಿಂದ ಒತ್ತಡ ಜಾಸ್ತಿಯಾಯಿತು. ಕಂಪನಿಯ ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಅವರ ಮೇಲಧಿಕಾರಿ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಅಂದರು. ಕಂಪನಿ ಒಪ್ಪಿಗೆ ಕೊಟ್ಟಿತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು. ಏಳು ಜನ ತೀರಿಕೊಂಡರು.

ಆ ಸಭೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಹಾರಿಸಬಹುದು ಅನ್ನುವವರು ಅದು ಸುರಕ್ಷಿತ ಅಂತ ತೋರಿಸಬೇಕಿತ್ತು. ಅಲ್ಲಿ ತಿರುಗುಮುರುಗಾಯಿತು. ಅದು ಕೆಡುತ್ತದೆ ಅಂತ ಸಾಬೀತು ಮಾಡಿ ಎಂದು ಎಂಜಿನಿಯರ್‌ಗಳನ್ನೇ ಕೇಳಿದಂತಾಯಿತು. ಸಣ್ಣ ಆಫೀಸುಗಳಲ್ಲೂ ದಿನಾ ಇದೇ ನಡೆಯುತ್ತದೆ. ಯಾರಾದರೂ ಅನುಮಾನ ಎತ್ತಿದರೆ "ಎಲ್ಲಿ, ಡೇಟಾ ತೋರಿಸು" ಅನ್ನುತ್ತೇವೆ. ಎಲ್ಲ ಸರಿ ಇದೆ ಅಂದವರ ಹತ್ತಿರ ಯಾರೂ ಡೇಟಾ ಕೇಳುವುದಿಲ್ಲ.

ಹಾಗಾದರೆ ಲೀಡರ್ ಏನು ಮಾಡಬೇಕು? ಮೊದಲು, "ಎಷ್ಟು ಆಯ್ತು?" ಅನ್ನುವ ಪ್ರಶ್ನೆ ಬಿಡಿ. ಅದಕ್ಕೆ ಯಾವಾಗಲೂ "ತೊಂಬತ್ತು ಪರ್ಸೆಂಟ್" ಅಂತಲೇ ಉತ್ತರ, ಮುಂದಿನ ತಿಂಗಳೂ ಅದೇ ತೊಂಬತ್ತು. "ಏನು ಉಳಿದಿದೆ, ಯಾವುದು ಕಾಡ್ತಿದೆ?" ಅಂತ ಕೇಳಿ. ಯಾರಾದರೂ ತಡವಾಗುತ್ತೆ ಅಂತ ಬಂದು ಹೇಳಿದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತಿನ ಮೇಲೆ ಹಿಡಿತ ಇರಲಿ. ರೇಗಿದರೆ ಮುಗಿಯಿತು. ಎರಡನೆಯ ಸಲ ಆ ಸುದ್ದಿ ನಿಮಗೆ ಬರುವುದು ಗ್ರಾಹಕರಿಂದಲೇ.

ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿದ ಒಂದು ಸಭೆಯ ಪದ್ಧತಿ ನನಗೆ ತುಂಬಾ ಇಷ್ಟ. ಪ್ರಾಜೆಕ್ಟ್ ಶುರುವಾಗುವ ಮುನ್ನವೇ ಎಲ್ಲರನ್ನೂ ಕೂರಿಸಿ. "ಈ ಪ್ರಾಜೆಕ್ಟ್ ಪೂರ್ತಿ ಕೆಟ್ಟುಹೋಗಿದೆ ಅಂದುಕೊಳ್ಳಿ. ಯಾಕೆ ಕೆಟ್ಟಿತು?" ಅಂತ ಕೇಳಿ, ಒಬ್ಬೊಬ್ಬರಿಗೂ ಒಂದು ಹಾಳೆ ಕೊಡಿ. ಮಾತಾಡುವ ಮುಂಚೆ ಬರೆಯಲಿ. ಕೆಟ್ಟಿದೆ ಅಂತ ನೀವೇ ಹೇಳಿಬಿಟ್ಟ ಮೇಲೆ, ಕಾರಣ ಹುಡುಕುವವರನ್ನು ಅಪಶಕುನದ ಮಾತಾಡುತ್ತಾರೆ ಅಂತ ಯಾರೂ ದೂರುವಂತಿಲ್ಲ. ಓದುವಾಗ ಎಲ್ಲರಿಗಿಂತ ಕಿರಿಯರಿಂದ ಶುರುಮಾಡಿ. ನಿಮ್ಮ ಹಾಳೆ ಕೊನೆಗೆ ಓದಿ. ಬಂದ ಒಂದೊಂದು ಕಾರಣದ ಮುಂದೆಯೂ ಅದನ್ನು ನೋಡಿಕೊಳ್ಳುವವರ ಹೆಸರು, ಒಂದು ತಾರೀಖು ಬರೆದು, ಪ್ಲಾನಿನೊಳಗೇ ಸೇರಿಸಿ.

ನಮಸ್ಕಾರ.